ಊರಿಲ್ಲದ ಕಣಿವೆ

ಪಾಲಕ್ಕಾಡಿನಿಂದ ವಾಯವ್ಯಕ್ಕೆ ಹೊರಟ ಪ್ರವಾಸಿಗೆ ಮಣ್ಣಾರ್‌ಕಾಡು ಎಂಬ ಪೇಟೆಯವರೆಗೂ ಕಾಣುವುದು ಕೇರಳದ ಚಿರಪರಿಚಿತ ನೋಟ. ತೆಂಗು, ಅಡಕೆ, ಬಾಳೆ, ರಬ್ಬರಿನ ತೋಟಗಳು. ತೋಟದ ನಡುವೆ ಮನೆ, ಮನೆಗೆ ತಗುಲಿದಂತೆ ಇನ್ನೊಂದು ಮನೆ. ಒಂದು ಊರು ಎಲ್ಲಿ ಮುಗಿಯಿತು, ಮತ್ತೊಂದು ಎಲ್ಲಿ ಮೊದಲಾಯಿತು ಎಂದು ಹೇಳುವುದೇ ಕಷ್ಟ. ಭಾರತದಲ್ಲಿ ಜನರು ಅತ್ಯಂತ ಒತ್ತಾಗಿ ಬಾಳುವ ರಾಜ್ಯಗಳಲ್ಲಿ ಇದೂ ಒಂದು. ಆದರೆ ಅದೇ ಪೇಟೆಯ ಬೀದಿಯಲ್ಲಿ ನಿಂತು ಉತ್ತರದ ಕಡೆಗೆ ತಲೆಯೆತ್ತಿದರೆ ಬೆಟ್ಟಗಳ ನೀಲಿಯ ಗೋಡೆಯೊಂದು ಅಡ್ಡ ನಿಂತಿರುವುದು ಕಾಣುತ್ತದೆ. ಮಳೆಗಾಲದಲ್ಲಂತೂ ಆ ಗೋಡೆಯ ನೆತ್ತಿ ಮೋಡದಲ್ಲಿ ಮುಳುಗಿಹೋಗಿರುತ್ತದೆ. ಅದರ ಹಿಂದೆ ಒಂದು ಊರಿಲ್ಲ, ಒಂದು ಗದ್ದೆಯಿಲ್ಲ, ಒಲೆಯ ಹೊಗೆಯೆದ್ದ ಗುರುತಿಲ್ಲ. ಇಷ್ಟು ಜನನಿಬಿಡವಾದ ನಾಡಿನ ಮಗ್ಗುಲಲ್ಲೇ ಮನುಷ್ಯನು ಮನೆಕಟ್ಟದೆ ಬಿಟ್ಟ ಕಣಿವೆಯೊಂದು ಉಳಿದುಬಂದಿರುವುದು ಆಶ್ಚರ್ಯದ ಸಂಗತಿಯೇ ಸರಿ.

ಅದೇ ಸೈಲೆಂಟ್ ವ್ಯಾಲಿ, ಮೌನ ಕಣಿವೆ. ನೀಲಗಿರಿಯ ನೈಋತ್ಯದ ಮೂಲೆಯಲ್ಲಿ ಅಡಗಿರುವ ಈ ಕಣಿವೆಯ ಹೆಸರನ್ನು ಕೇಳದ ವಿದ್ಯಾವಂತರು ಇಂದು ವಿರಳ. ಆದರೆ ಹೆಸರನ್ನು ಬಲ್ಲ ಬಹುಮಂದಿ ಅಲ್ಲಿ ನಡೆದ ವಾದವನ್ನು ಬಲ್ಲರೇ ಹೊರತು ಆ ನೆಲದ ಆಕಾರವನ್ನು ಬಲ್ಲವರಲ್ಲ. ನಿಜವನ್ನು ನೋಡಿದರೆ ಆ ಕಣಿವೆಯ ಕಥೆಯೆಲ್ಲವೂ ಅದರ ಆಕಾರದಲ್ಲಿಯೇ ಇದೆ. ಯಾವ ಆಕಾರವು ಅದನ್ನು ತಲೆತಲಾಂತರಗಳಿಂದ ಕಾಪಾಡಿತೋ ಅದೇ ಆಕಾರವು ಒಂದು ದಿನ ಅದಕ್ಕೆ ಮೃತ್ಯುವನ್ನೂ ಕರೆತಂದಿತು.

ನಾಲ್ಕು ಗೋಡೆಗಳ ತೊಟ್ಟಿ

ಹಳೆಯ ಕಾಲದ ತೊಟ್ಟಿಯ ಮನೆಯನ್ನು ವಾಚಕರು ಒಮ್ಮೆ ನೆನಪಿಗೆ ತಂದುಕೊಳ್ಳಲಿ. ಸುತ್ತಲೂ ಗೋಡೆ, ನಡುವೆ ತಗ್ಗಾದ ಅಂಗಳ, ಅಂಗಳಕ್ಕೆ ಬಿದ್ದ ಮಳೆನೀರು ಹೊರಗೆ ಹರಿಯಲು ಒಂದೇ ಒಂದು ಬಚ್ಚಲು. ಮೌನ ಕಣಿವೆಯ ರಚನೆ ಹೆಚ್ಚುಕಡಿಮೆ ಹೀಗೆಯೇ. ಉತ್ತರ ದಕ್ಷಿಣವಾಗಿ ಸುಮಾರು 12 ಕಿಲೋಮೀಟರ್ ಉದ್ದ, ಪೂರ್ವ ಪಶ್ಚಿಮವಾಗಿ ಸುಮಾರು 7 ಕಿಲೋಮೀಟರ್ ಅಗಲವುಳ್ಳ ಒಂದು ಆಯತಾಕಾರದ ಭೂಮಿ. ಅದರ ನಾಲ್ಕು ಮೇರೆಗಳಲ್ಲೂ ಬೆಟ್ಟದ ಸಾಲುಗಳು. ಉತ್ತರದಲ್ಲಿ ನೀಲಗಿರಿಯ ಎತ್ತರದ ಪ್ರಸ್ಥಭೂಮಿ, ಪೂರ್ವದಲ್ಲಿ ಅಟ್ಟಪ್ಪಾಡಿ, ಪಶ್ಚಿಮದಲ್ಲಿ ನಿಲಂಬೂರಿನ ಕಾಡುಗಳು, ದಕ್ಷಿಣದಲ್ಲಿ ಮಣ್ಣಾರ್‌ಕಾಡಿನ ಬಯಲು. ಎಲ್ಲಿಂದ ಬಂದವನೂ ಒಂದು ಬೆಟ್ಟವನ್ನು ಹತ್ತಿ ಇಳಿಯದೆ ಒಳಗೆ ಕಾಲಿಡುವಂತಿಲ್ಲ.

ಈ ಗೋಡೆಗಳೆಲ್ಲ ಒಂದೇ ಎತ್ತರದವಲ್ಲ; ಇದು ಗಮನಿಸಬೇಕಾದ ಮಾತು. ಪೂರ್ವ ಮತ್ತು ಈಶಾನ್ಯದ ಸಾಲುಗಳು ಎತ್ತರವಾಗಿವೆ, ಎಲ್ಲಿಯೂ ಕಡಿದುಹೋಗದೆ ಹಬ್ಬಿವೆ. ಪಶ್ಚಿಮ ಮತ್ತು ದಕ್ಷಿಣದ ಸಾಲುಗಳು ಅವಕ್ಕಿಂತ ತಗ್ಗು. ಉತ್ತರದ ಮೇರೆಯಲ್ಲಿರುವ ಅಂಗಿಂಡ ಶಿಖರವು 2,383 ಮೀಟರ್ ಎತ್ತರಕ್ಕೆ ನಿಂತಿದೆ. ಸಿಸ್ಪಾರ ಶಿಖರದ ಎತ್ತರ 2,206 ಮೀಟರ್. ಅರಬ್ಬೀ ಸಮುದ್ರದಿಂದ ನೀರು ಹೊತ್ತು ಬರುವ ಮುಂಗಾರಿನ ಗಾಳಿಯು ತಗ್ಗಾದ ಪಶ್ಚಿಮದ ಗೋಡೆಯನ್ನು ದಾಟಿ ಒಳಗೆ ನುಗ್ಗುತ್ತದೆ; ಎದುರಿನ ಎತ್ತರದ ಗೋಡೆಗೆ ತಡೆದು ನಿಂತು ತನ್ನ ಹೊರೆಯನ್ನೆಲ್ಲ ಕಣಿವೆಯೊಳಗೇ ಇಳಿಸುತ್ತದೆ. ವರ್ಷದ ಮಳೆಯ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿಯುತ್ತದೆ. ಅದೇ ಪೂರ್ವದ ಗೋಡೆಯನ್ನು ದಾಟಿ ಅಟ್ಟಪ್ಪಾಡಿಯ ಮೂಡಣ ಭಾಗಕ್ಕೆ ಇಳಿದರೆ ನೆಲವು ಒಣಗಿ ಬಣ್ಣಗೆಟ್ಟು ಕುರುಚಲು ಗಿಡಗಳಿಗೆ ಎಡೆಮಾಡಿಕೊಟ್ಟಿರುವುದು ಕಾಣುತ್ತದೆ. ಒಂದು ಬೆಟ್ಟದ ಸಾಲಿನ ಈಚೆಗೆ ತೊಯ್ದ ಕತ್ತಲೆ, ಆಚೆಗೆ ಬಿಸಿಲು.

ಕುಂತಿಯ ನಡೆ

ಈ ತೊಟ್ಟಿಯ ಅಂಗಳದಲ್ಲಿ ಹರಿಯುವ ನದಿಗೆ ಕುಂತಿಪ್ಪುಳ ಎಂದು ಹೆಸರು. ಪಾಂಡವರು ವನವಾಸದಲ್ಲಿ ಇತ್ತ ಬಂದಿದ್ದರೆಂದು ಸುತ್ತಣ ಜನರ ನಂಬಿಕೆ. ಹಾಗೆಂದೇ ನದಿಗೆ ತಾಯಿ ಕುಂತಿಯ ಹೆಸರು, ಕಾಡಿಗೆ ಸೈರಂಧ್ರೀವನವೆಂಬ ಹೆಸರು. ಸೈರಂಧ್ರಿಯೆಂದರೆ ವಿರಾಟನ ಅರಮನೆಯಲ್ಲಿ ದ್ರೌಪದಿಯು ತಳೆದ ಅಜ್ಞಾತವಾಸದ ಹೆಸರೆಂಬುದನ್ನು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಕಣ್ಮರೆಯಾಗಿ ಬಾಳುವ ಕಾಡಿಗೆ ಇದಕ್ಕಿಂತ ಒಪ್ಪುವ ಹೆಸರು ದೊರಕಲಾರದು.

ಇಂಗ್ಲಿಷಿನ ಹೆಸರಿನ ಹುಟ್ಟಿನ ಬಗೆಗೆ ಮಾತ್ರ ಒಮ್ಮತವಿಲ್ಲ. ಸೈರಂಧ್ರಿ ಎಂಬುದೇ ಆಂಗ್ಲರ ಬಾಯಲ್ಲಿ ಹಾಗಾಯಿತೆಂದು ಕೆಲವರೆನ್ನುತ್ತಾರೆ. ಜೀರುಂಡೆಗಳ ಗದ್ದಲ ಇಲ್ಲಿ ಕೇಳದಿದ್ದುದರಿಂದ ಆ ಹೆಸರು ಬಂದಿತೆಂದು ಮತ್ತೆ ಕೆಲವರು. ಇಲ್ಲಿನ ಸಿಂಗಳೀಕಕ್ಕೆ ಪ್ರಾಣಿಶಾಸ್ತ್ರಜ್ಞರು ಇಟ್ಟ ಮಕಾಕ ಸೈಲೀನಸ್ ಎಂಬ ಹೆಸರಿನಿಂದ ಬಂದಿತೆಂಬುದು ಮೂರನೆಯ ಊಹೆ. ಕಣಿವೆಯ ಜಲಾನಯನ ಪ್ರದೇಶಕ್ಕೆ ಬಂದು ಬರೆದಿಟ್ಟವರಲ್ಲಿ ಮೊದಲಿಗನೆಂದು ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್‌ನನ್ನು ಹೆಸರಿಸುವುದುಂಟು. ಅದು 1847ರ ಮಾತು.

ಕುಂತಿಯ ನಡೆಯಲ್ಲಿ ಒಂದು ವಿಶೇಷವಿದೆ. ನೀಲಗಿರಿಯ ಅಂಚಿನಲ್ಲಿ 1,861 ಮೀಟರ್ ಎತ್ತರದಿಂದ ಹೊರಟ ಈ ನದಿಯು 12 ಕಿಲೋಮೀಟರ್ ಹರಿಯುವಷ್ಟರಲ್ಲಿ 900 ಮೀಟರಿನ ಮಟ್ಟಕ್ಕೆ ಇಳಿಯುತ್ತದೆ. ಆದರೆ ಈ ಇಳಿತ ಸಮನಾದದ್ದಲ್ಲ. ಮೊದಲ ನಾಲ್ಕು ಕಿಲೋಮೀಟರಿನಲ್ಲಿಯೇ ಅದು ಸುಮಾರು 900 ಮೀಟರ್ ಧುಮುಕಿಬಿಡುತ್ತದೆ. ಉಳಿದ ಎಂಟು ಕಿಲೋಮೀಟರಿನಲ್ಲಿ ಇಳಿಯುವುದು ಕೇವಲ 60 ಮೀಟರ್. ತವರಿನಿಂದ ಓಡಿಬಂದ ಹುಡುಗಿಯು ಗಂಡನ ಮನೆಯ ಹೊಸಿಲಲ್ಲಿ ಹೆಜ್ಜೆ ಸಣ್ಣದು ಮಾಡಿದಂತೆ ನದಿಯು ಕಣಿವೆಯ ತಳದಲ್ಲಿ ಮೆಲ್ಲಗಾಗುತ್ತದೆ. ನೀರು ಆಳವಲ್ಲ, ತಳದ ಒಂದೊಂದು ಕಲ್ಲೂ ಎಣಿಸುವಷ್ಟು ತಿಳಿ. ಮೇಲ್ಗಡೆ ಹೊಲವಿಲ್ಲ, ತೋಟವಿಲ್ಲ; ಗೊಬ್ಬರವಾಗಲಿ ಕೀಟನಾಶಕವಾಗಲಿ ಈ ನೀರನ್ನು ಮುಟ್ಟಿಲ್ಲ. ಬೇಸಗೆಯಲ್ಲೂ ಬತ್ತದ ಈ ನದಿಯು ಕಣಿವೆಯ ದಕ್ಷಿಣದ ತುದಿಯಲ್ಲಿ ಬೆಟ್ಟವನ್ನು ಸೀಳಿದ ಇಕ್ಕಟ್ಟಾದ ಕಮರಿಯೊಂದನ್ನು ಹೊಕ್ಕು ಮಣ್ಣಾರ್‌ಕಾಡಿನ ಬಯಲಿಗೆ ಇಳಿಯುತ್ತದೆ. ಮುಂದೆ ತೂತಪ್ಪುಳದ ಮೂಲಕ ಭಾರತಪ್ಪುಳವನ್ನು ಸೇರಿ ಪೊನ್ನಾನಿಯಲ್ಲಿ ಕಡಲಿಗೆ ಸಲ್ಲುತ್ತದೆ. ಈ ಸಮತಟ್ಟಾದ ತಳವನ್ನೂ ಇಕ್ಕಟ್ಟಾದ ಕಮರಿಯನ್ನೂ ವಾಚಕರು ಮರೆಯದೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಮರದ ಮೇಲೊಂದು ಲೋಕ

ಬೆಟ್ಟದ ನೆತ್ತಿಯಿಂದ ನದಿಯ ದಡಕ್ಕೆ ಇಳಿಯುವವನು ಎರಡು ಬೇರೆ ಬೇರೆ ನಾಡುಗಳನ್ನು ಕಾಣುತ್ತಾನೆ. ಮೇಲ್ಗಡೆ ಗಾಳಿಗೆ ಅಲೆಯಾಡುವ ಹುಲ್ಲುಗಾವಲು. ಅದರ ಮಡಿಕೆಗಳಲ್ಲಿ ಗಿಡ್ಡ ಮರಗಳು ಒತ್ತೊತ್ತಾಗಿ ಬೆಳೆದ ಶೋಲ ಕಾಡು. ನೀಲಗಿರಿ ಥಾರ್ ಎನ್ನುವ ಕಾಡುಮೇಕೆಗಳು ಆ ಹುಲ್ಲಿನ ಬಂಡೆಗಳ ಮೇಲೆ ನಿರ್ಭಯವಾಗಿ ಓಡಾಡುತ್ತವೆ. ಕೆಳಕ್ಕೆ ಇಳಿದಂತೆ ಮರಗಳ ಎತ್ತರ ಹೆಚ್ಚುತ್ತ ಬಂದು ಕೊನೆಗೆ ಆಕಾಶವೇ ಮರೆಯಾಗುತ್ತದೆ. ಇದೇ ನಿತ್ಯಹರಿದ್ವರ್ಣದ ಮಳೆಕಾಡು. ಎತ್ತರದ ಮರಗಳ ಕೆಳಗೆ ನಡುತರದ ಮರಗಳು, ಅವುಗಳ ಕೆಳಗೆ ಗಿಡ, ಬೆತ್ತ, ಬಳ್ಳಿ. ಕೊಂಬೆ ಕೊಂಬೆಯ ಮೇಲೆ ಹಾವಸೆ, ಜರೀಗಿಡ, ಸೀತಾಳೆ ಹೂ. ಸುಮಾರು ಸಾವಿರ ಬಗೆಯ ಹೂಬಿಡುವ ಸಸ್ಯಗಳನ್ನು ಇಲ್ಲಿ ಗುರುತಿಸಲಾಗಿದೆ. ಅವುಗಳಲ್ಲಿ ಆರ್ಕಿಡ್ ಜಾತಿಗೆ ಸೇರಿದವೇ ನೂರಕ್ಕೂ ಹೆಚ್ಚು. ನಮ್ಮ ಅಡುಗೆಮನೆಯ ಮೆಣಸು ಏಲಕ್ಕಿಗಳ ಕಾಡುಬಂಧುಗಳೂ ಈ ನೆರಳಿನಲ್ಲಿ ಬೆಳೆಯುತ್ತವೆ.

ಇಷ್ಟು ಸೊಂಪಾಗಿ ಬೆಳೆದ ಕಾಡಿನ ನೆಲ ಬಹಳ ಫಲವತ್ತಾದದ್ದೆಂದು ಯಾರಾದರೂ ಭಾವಿಸಿದರೆ ಅದು ತಪ್ಪು. ಮಳೆಕಾಡಿನ ಸಿರಿ ಇರುವುದು ಮಣ್ಣಿನಲ್ಲಲ್ಲ, ಮರಗಳಲ್ಲಿ. ಉದುರಿದ ಎಲೆ ಕೊಳೆತೊಡನೆಯೇ ಬೇರುಗಳು ಅದರ ಸಾರವನ್ನು ಹೀರಿ ಮತ್ತೆ ಎಲೆಯಾಗಿಸುತ್ತವೆ. ಕೈಯಿಂದ ಕೈಗೆ ಸಾಗುವ ಹಣದಂತೆ ಆ ಸಾರವು ಸದಾ ಚಲಾವಣೆಯಲ್ಲಿರುತ್ತದೆ. ಗಂಟಾಗಿ ನೆಲದಲ್ಲಿ ಕೂಡಿರುವುದು ಅಲ್ಪ. ಮರವನ್ನು ಕಡಿದು ನೆಲವನ್ನು ಬೋಳಾಗಿಸಿದರೆ ನಾಲ್ಕು ಮಳೆಗಾಲಗಳು ಸಾಕು, ಉಳಿದ ಮಣ್ಣೂ ಕೊಚ್ಚಿಹೋಗುತ್ತದೆ. ಅಂಥ ಕಾಡನ್ನು ಮನುಷ್ಯನು ಮತ್ತೆ ನೆಟ್ಟು ಬೆಳೆಸುವುದು ಆಗದ ಮಾತು.

ಈ ಲೋಕದ ಅರಸನೆಂದರೆ ಸಿಂಗಳೀಕ. ಕಪ್ಪು ಮೈ, ಮುಖದ ಸುತ್ತ ಬೂದುಬೆಳ್ಳಿಯ ಕೇಸರ, ಸಿಂಹದ ಬಾಲದಂತೆ ತುದಿಯಲ್ಲಿ ಕುಚ್ಚುಳ್ಳ ಬಾಲ. ಪಶ್ಚಿಮ ಘಟ್ಟವನ್ನು ಬಿಟ್ಟರೆ ಲೋಕದ ಮತ್ತಾವ ಕಾಡಿನಲ್ಲಿಯೂ ಈ ಕೋತಿಯಿಲ್ಲ. ನಮ್ಮ ಶರಾವತಿ ಅಘನಾಶಿನಿಗಳ ಕಾಡುಗಳಲ್ಲಿಯೂ ಅದರ ಬಳಗವಿರುವುದು ಕನ್ನಡಿಗರ ಭಾಗ್ಯ. ಸಿಂಗಳೀಕವು ಮರದಿಂದ ಮರಕ್ಕೆ ದಾಟುತ್ತ ಬಾಳುವುದೇ ಹೊರತು ನೆಲಕ್ಕಿಳಿಯುವುದು ಅಪರೂಪ. ಕುಲೇನಿಯ ಎಂಬ ಎತ್ತರದ ಮರವೊಂದರ ಹೂವು ಮತ್ತು ಮುಳ್ಳುಕಾಯಿ ಅದಕ್ಕೆ ಬಹು ಪ್ರಿಯವಾದ ಆಹಾರ. ಕಾಡಿನ ಮೇಲ್ಚಪ್ಪರ ಎಲ್ಲಿ ಹರಿಯಿತೋ ಅಲ್ಲಿ ಅದರ ದಾರಿಯೂ ಹರಿಯಿತು. ಒಂದು ಹಿಂಡು ಒಂದು ತುಂಡು ಕಾಡಿನಲ್ಲಿ ಸೆರೆಯಾಗಿ, ಬೇರೊಂದು ಹಿಂಡಿನೊಡನೆ ಬೆರೆಯಲಾರದೆ ಕ್ರಮೇಣ ಕ್ಷೀಣಿಸುತ್ತದೆ. ಹೀಗಾಗಿ ಹರಿಯದ ಚಪ್ಪರವುಳ್ಳ ಕಾಡು ಸಿಂಗಳೀಕಕ್ಕೆ ಪ್ರಾಣದಷ್ಟೇ ಅಗತ್ಯ.

ಇವಲ್ಲದೆ ಕರಿಯ ಮುಸುವ, ಕೆಂದಳಿಲು, ಆನೆ, ಹುಲಿ, ಮಂಗಟ್ಟೆ ಹಕ್ಕಿ, ಹೆಸರಿಸಲಾರದಷ್ಟು ಬಗೆಯ ಕಪ್ಪೆ ಚಿಟ್ಟೆಗಳು ಇಲ್ಲಿನ ನಿವಾಸಿಗಳು. ಮಂಗಟ್ಟೆಯ ರೆಕ್ಕೆಯ ಬೀಸು ಮತ್ತು ಸಿಂಗಳೀಕದ ಹೂಂಕಾರವನ್ನು ಕೇಳಿದವರು ಇದನ್ನು ಮೌನ ಕಣಿವೆಯೆಂದು ಕರೆಯಲು ಹಿಂದೆಮುಂದೆ ನೋಡಿಯಾರು. ಇಲ್ಲಿ ಇಲ್ಲದಿರುವುದು ಮನುಷ್ಯನ ಸದ್ದು ಮಾತ್ರ.

ಮನುಷ್ಯನೇಕೆ ನೆಲೆಸಲಿಲ್ಲ?

ನೀರು, ನೆರಳು, ಸಮನೆಲ ಇಷ್ಟೂ ಇದ್ದಾಗ ಮನುಷ್ಯನು ಇಲ್ಲಿಗೆ ಏಕೆ ಬರಲಿಲ್ಲ? ಗೋಡೆಗಳೇ ಅದಕ್ಕೆ ಮೊದಲ ಉತ್ತರ. ಗಾಡಿಯ ದಾರಿಯಿಲ್ಲದ ಕಡೆ ಬೆಳೆದದ್ದನ್ನು ಸಂತೆಗೆ ಸಾಗಿಸುವುದು ಹೇಗೆ? ಎರಡನೆಯದು ಮಳೆ, ತಿಂಗಳುಗಟ್ಟಲೆ ಸೂರ್ಯನ ಮುಖ ಕಾಣದ ನೆಲದಲ್ಲಿ ಕಾಳು ಒಣಗದು. ಇಂಬಳ ಮತ್ತು ಆನೆಗಳ ಕಾಟ ಮೂರನೆಯದು. ಅಟ್ಟಪ್ಪಾಡಿಯಲ್ಲಿ ಇರುಳರು, ಮುಡುಗರು, ಕುರುಂಬರು ಬಹುಕಾಲದಿಂದ ಬಾಳುತ್ತಿದ್ದಾರೆ. ಆದರೆ ಅವರ ಹಾಡಿಗಳು ಗೋಡೆಯ ಆಚೆಗೇ ಉಳಿದವು. 1830ರ ದಶಕದಲ್ಲಿ ಊಟಿಯಿಂದ ಕಲ್ಲಿಕೋಟೆಯ ಕಡೆಗೆ ಸಿಸ್ಪಾರದ ಮೂಲಕ ಆಂಗ್ಲರು ಒಂದು ಘಟ್ಟದ ದಾರಿಯನ್ನು ಕಡಿಸಿದರು. ಮಳೆ ಮತ್ತು ಕಾಡು ಅದನ್ನು ಬಾಳಗೊಡಲಿಲ್ಲ. ಕಾಲಕ್ರಮದಲ್ಲಿ ಅದು ಹಾಳುಬಿದ್ದು ಹಸುರಿನಲ್ಲಿ ಲಯವಾಯಿತು. 1914ರಲ್ಲಿ ಕಣಿವೆಯು ಮೀಸಲು ಅರಣ್ಯವಾಯಿತು. ಅಲ್ಲಲ್ಲಿ ಮರ ಕಡಿಯುವ ಕೆಲಸ ನಡೆದದ್ದುಂಟು. ಆದರೂ ಕಣಿವೆಯ ಒಡಲು ಬಹುಮಟ್ಟಿಗೆ ಹಾಗೆಯೇ ಉಳಿಯಿತು.

ಅಜ್ಞಾತವಾಸದ ಕೊನೆ

ಇನ್ನು ಆ ಸಮತಟ್ಟಾದ ತಳವನ್ನೂ ಇಕ್ಕಟ್ಟಾದ ಕಮರಿಯನ್ನೂ ನೆನಪಿಗೆ ತಂದುಕೊಳ್ಳೋಣ. ಎಂಟು ಕಿಲೋಮೀಟರ್ ದೂರ ಹೆಚ್ಚು ಇಳಿಯದೆ ಹರಿಯುವ ನದಿ, ಸುತ್ತ ಬೆಟ್ಟ, ನೀರು ಹೊರಬೀಳಲು ಒಂದೇ ಬಾಗಿಲು, ಬಾಗಿಲಿನ ಕೆಳಗೆ ನೂರಾರು ಮೀಟರ್ ಆಳದ ಬಯಲು. ಇಂಜಿನಿಯರನ ಕಣ್ಣಿಗೆ ಇದು ಪ್ರಕೃತಿಯೇ ಮುಕ್ಕಾಲು ಕಟ್ಟಿ ಮುಗಿಸಿದ ಜಲಾಶಯ! ಬಾಗಿಲನ್ನೊಂದು ಮುಚ್ಚಿದರೆ ಕೆಲಸ ಆದಂತೆಯೇ. ಸೈರಂಧ್ರಿಯ ಬಳಿಯ ಈ ಜಾಗವು ವಿದ್ಯುತ್ತಿಗೆ ಯೋಗ್ಯವಾದುದೆಂದು 1928ರಷ್ಟು ಹಿಂದೆಯೇ ಗುರುತಾಗಿತ್ತು. 1973ರಲ್ಲಿ ಯೋಜನಾ ಆಯೋಗವು ಇಲ್ಲಿ ಅಣೆಕಟ್ಟು ಕಟ್ಟಲು ಒಪ್ಪಿಗೆಯಿತ್ತಿತು. ಉತ್ಪಾದನೆಯ ಗುರಿ 120 ಮೆಗಾವಾಟ್. ಮುಳುಗಡೆಯಾಗುವುದು 8 ಚದರ ಕಿಲೋಮೀಟರಿಗಿಂತ ತುಸು ಹೆಚ್ಚು ಕಾಡು. ಆದರೆ ಆ ಕಾಡು ನದಿಯ ಎರಡೂ ದಡದ ಕಾಡು, ಕಣಿವೆಯ ಹೃದಯಭಾಗ.

ಅಣೆಕಟ್ಟನ್ನು ಬಯಸಿದವರನ್ನು ದುಷ್ಟರೆಂದು ಚಿತ್ರಿಸುವುದು ನ್ಯಾಯವಲ್ಲ. ಆ ದಿನಗಳಲ್ಲಿ ಮಲಬಾರಿನ ಜಿಲ್ಲೆಗಳು ವಿದ್ಯುತ್ತಿನಲ್ಲಿ ಹಿಂದುಳಿದಿದ್ದವು. ಕಾರ್ಖಾನೆ ಬಂದರೆ ಮಕ್ಕಳಿಗೆ ಕೆಲಸ ಸಿಕ್ಕೀತು, ಸುಮಾರು 10,000 ಹೆಕ್ಟೇರ್ ಗದ್ದೆಗೆ ನೀರು ಹರಿದೀತು ಎಂಬುದು ಬಯಲಿನ ಜನರ ಆಸೆಯಾಗಿತ್ತು. ಯಾರ ಮನೆಯೂ ಮುಳುಗದ ಅಣೆಕಟ್ಟು ಇದೆಂಬುದು ಅವರ ದೊಡ್ಡ ವಾದ. ಊರೇ ಇಲ್ಲದ ಮೇಲೆ ಒಕ್ಕಲೆಬ್ಬಿಸುವ ಪಾಪವೆಲ್ಲಿಯದು? 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ಮುಗಿದಾಗ ಮನೆ, ಗದ್ದೆ, ದೇವರುಗಳನ್ನು ನೀರಿಗೆ ಬಿಟ್ಟು ಎದ್ದುಹೋದ ಶರಾವತಿಯ ಕುಟುಂಬಗಳನ್ನು ಬಲ್ಲ ಕನ್ನಡಿಗರಿಗೆ ಈ ವಾದದ ತೂಕ ತಿಳಿಯದಿರದು.

ಆದರೆ ಮಾತಾಡುವ ಒಕ್ಕಲಿಲ್ಲದ ನೆಲಕ್ಕೆ ಮಾತಾಡುವವರು ಬೇರೆ ಕಡೆಯಿಂದ ಬಂದರು. 1977ರಲ್ಲಿ ಕೇಂದ್ರದ ಪರಿಸರ ಸಮಿತಿಯ ಕಾರ್ಯತಂಡವು ಯೋಜನೆಯನ್ನು ಕೈಬಿಡುವುದೇ ಲೇಸೆಂದು ಹೇಳಿತು. 1978ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವು ಅಷ್ಕಾಬಾದಿನ ಸಭೆಯಲ್ಲಿ ಇಲ್ಲಿನ ಸಿಂಗಳೀಕಗಳನ್ನು ಕಾಪಾಡಬೇಕೆಂದು ನಿರ್ಣಯ ಮಾಡಿತು. ಆದರೂ ಅದೇ ವರ್ಷ ಕೇಂದ್ರ ಸರ್ಕಾರವು ಯೋಜನೆಗೆ ಅನುಮತಿಯಿತ್ತಿತು. ಸಸ್ಯಶಾಸ್ತ್ರದ ಪ್ರಾಧ್ಯಾಪಕ ಎಂ. ಕೆ. ಪ್ರಸಾದ್ ಲೇಖನ ಬರೆದರು. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನ ಶಿಕ್ಷಕರೂ ವಿಜ್ಞಾನಿಗಳೂ ಹಳ್ಳಿಹಳ್ಳಿಗೆ ಹೋಗಿ ಲೆಕ್ಕವಿಟ್ಟು ವಾದಿಸಿದರು. ಸುಗತಕುಮಾರಿ ಮೊದಲಾದ ಕವಿಗಳು ಕಾಡಿನ ಪರವಾಗಿ ಪದ್ಯ ಬರೆದು ಓದಿದರು. ಪಕ್ಷಿತಜ್ಞ ಸಲೀಂ ಅಲಿಯವರೂ ದನಿಗೂಡಿಸಿದರು. ವಿದ್ಯುತ್ತಿಗೆ ಬೇರೆ ದಾರಿಗಳುಂಟು, ಈ ಕಾಡಿಗೆ ಬದಲಾಗಿ ಇನ್ನೊಂದು ಕಾಡಿಲ್ಲ ಎಂಬುದೇ ಅವರೆಲ್ಲರ ಮಾತಿನ ಸಾರ.

1980ರ ಕೊನೆಯಲ್ಲಿ ಒಂದು ವಿಚಿತ್ರ ನಡೆಯಿತು. ಕೇರಳ ಸರ್ಕಾರವು ಕಣಿವೆಯನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿತು. ಆದರೆ ಅಣೆಕಟ್ಟಿಗೆ ಬೇಕಾದ ಜಾಗವನ್ನು ಮಾತ್ರ ಅದರಿಂದ ಹೊರಗಿಟ್ಟಿತು. ಹೃದಯವನ್ನು ಬಿಟ್ಟು ದೇಹವನ್ನು ಕಾಪಾಡುವ ಈ ಏರ್ಪಾಡು ಯಾರಿಗೂ ಒಪ್ಪಿಗೆಯಾಗಲಿಲ್ಲ. ಬಳಿಕ ಎಂ. ಜಿ. ಕೆ. ಮೆನನ್ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯೊಂದು ಕುಳಿತಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಗ ಪ್ರಾಧ್ಯಾಪಕರಾಗಿದ್ದ ಮಾಧವ ಗಾಡ್ಗೀಳರೂ ಅದರ ಸದಸ್ಯರಲ್ಲೊಬ್ಬರು. ಸಮಿತಿಯ ವರದಿಯನ್ನು ಪ್ರಧಾನಿ ಇಂದಿರಾ ಗಾಂಧಿಯವರು ಪರಿಶೀಲಿಸಿದ ಮೇಲೆ 1983ರ ನವೆಂಬರಿನಲ್ಲಿ ಯೋಜನೆಯನ್ನು ಕೈಬಿಡಲಾಯಿತು. 1984ರ ನವೆಂಬರ್ 15ರಂದು ಇಡಿಯ ಕಣಿವೆಯು, 89.52 ಚದರ ಕಿಲೋಮೀಟರ್ ವಿಸ್ತಾರವಾಗಿ, ರಾಷ್ಟ್ರೀಯ ಉದ್ಯಾನವಾಯಿತು. ಆ ವೇಳೆಗೆ ಇಂದಿರಾ ಗಾಂಧಿಯವರು ಹತರಾಗಿ ಎರಡು ವಾರ ಕಳೆದಿತ್ತು. 1985ರ ಸೆಪ್ಟೆಂಬರ್ 7ರಂದು ರಾಜೀವ್ ಗಾಂಧಿಯವರು ಅದನ್ನು ಉದ್ಘಾಟಿಸಿದರು. 1986ರಲ್ಲಿ ನಮ್ಮ ಬಂಡೀಪುರ ನಾಗರಹೊಳೆಗಳೊಂದಿಗೆ ಈ ಕಣಿವೆಯೂ ನೀಲಗಿರಿ ಜೀವಗೋಳ ಮೀಸಲು ಪ್ರದೇಶದ ಒಂದು ಭಾಗವಾಯಿತು.

ಅಲ್ಲಿಗೂ ಆಸೆ ಅಳಿಯಲಿಲ್ಲ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ನದಿಯ ಕೆಳಭಾಗದ ಪಾತ್ರಕ್ಕಡವು ಎಂಬಲ್ಲಿ ಮತ್ತೊಂದು ವಿದ್ಯುತ್ ಯೋಜನೆಯ ಮಾತು ಹುಟ್ಟಿತು. 2007ರಲ್ಲಿ ಉದ್ಯಾನದ ಸುತ್ತಲೂ 148 ಚದರ ಕಿಲೋಮೀಟರಿನ ರಕ್ಷಣಾವಲಯವನ್ನು ಗೊತ್ತುಮಾಡಲಾಯಿತು. ಕಾಡನ್ನು ಉಳಿಸುವ ಕೆಲಸ ಒಂದು ಸಲ ಮಾಡಿ ಮುಗಿಸುವಂಥದಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಗೋಪುರದ ಮೇಲಿನಿಂದ

ಇಂದು ಕಣಿವೆಯನ್ನು ನೋಡಬಯಸುವವರು ಮಣ್ಣಾರ್‌ಕಾಡಿನಿಂದ ಘಟ್ಟದ ದಾರಿ ಹಿಡಿದು ಮುಕ್ಕಾಲಿ ಎಂಬ ಹಳ್ಳಿಗೆ ಬರಬೇಕು. ಅಲ್ಲಿ ಅರಣ್ಯ ಇಲಾಖೆಯ ಅಪ್ಪಣೆ ಪಡೆದು, ಜೀಪಿನಲ್ಲಿ ಸೈರಂಧ್ರಿಯವರೆಗೆ 23 ಕಿಲೋಮೀಟರ್ ಪಯಣ. ಜೊತೆಗೆ ಬರುವ ಮಾರ್ಗದರ್ಶಿ ಸಾಮಾನ್ಯವಾಗಿ ಸುತ್ತಣ ಹಾಡಿಯವನೇ. ರಾತ್ರಿಗೆ ಕಣಿವೆಯ ಒಳಗಾಡಿನಲ್ಲಿ ತಂಗಲು ಹೋಟೆಲುಗಳಿಲ್ಲ, ತಿಂಡಿಯ ಅಂಗಡಿಯಿಲ್ಲ. ಸೈರಂಧ್ರಿಯಲ್ಲಿ ಸುಮಾರು 30 ಮೀಟರ್ ಎತ್ತರದ ವೀಕ್ಷಣಾ ಗೋಪುರವೊಂದಿದೆ. ಏದುಸಿರು ಬಿಡುತ್ತ ಅದನ್ನು ಹತ್ತಿದವರಿಗೆ ಉತ್ತರದ ಶಿಖರಗಳವರೆಗೆ ಒಂದೇ ಹಾಸಿನ ಹಸುರು ಕಾಣುತ್ತದೆ. ಒಂದು ಸೂರಿಲ್ಲ, ಒಂದು ತಂತಿಯಿಲ್ಲ. ಗೋಪುರಕ್ಕೆ ಸಮೀಪದಲ್ಲಿಯೇ ಅಣೆಕಟ್ಟಿಗೆಂದು ಗುರುತಿಸಿದ್ದ ಜಾಗ. ಕಟ್ಟೆ ಎದ್ದಿದ್ದರೆ ಅಲ್ಲಿಂದ ಕಾಣುತ್ತಿದ್ದುದು ನಿಂತ ನೀರು.

ಗೋಪುರದಿಂದ ಒಂದೂವರೆ ಕಿಲೋಮೀಟರ್ ಕೆಳಗಿಳಿದರೆ ಕುಂತಿಯ ದಡ. ಮಕ್ಕಳೊಡನೆ ಬಂದವರು ಸಾಮಾನ್ಯವಾಗಿ ಇಲ್ಲಿಯೇ ಕಾಲು ಚಾಚಿ ಕುಳಿತುಬಿಡುತ್ತಾರೆ. ನೀರಿನ ತಳದ ಕಲ್ಲುಗಳು, ಕಲ್ಲಿನ ಮೇಲೆ ಸರಿದಾಡುವ ಮೀನಿನ ನೆರಳು ಸ್ಪಷ್ಟವಾಗಿ ಕಾಣುತ್ತವೆ. ಕೆಳಗಿನ ಬಯಲಿನಲ್ಲಿ ಈ ನೀರಿಗಾಗಿ ಬಾವಿ, ಗದ್ದೆ, ಕೊಡಗಳು ಕಾದಿವೆ. ಬೇಸಗೆಯಲ್ಲೂ ಅಲ್ಲಿಗೆ ನೀರು ಬರುವುದು ಮೇಲೆ ಈ ಕಾಡು ನಿಂತಿರುವುದರಿಂದ. ಯಾರೂ ವಾಸಿಸದ ಕಣಿವೆಯು ಯಾರಿಗೂ ಪ್ರಯೋಜನವಿಲ್ಲದ ಕಣಿವೆಯೆಂದು ಒಂದು ಕಾಲಕ್ಕೆ ಎಣಿಸಿದವರಿದ್ದರು. ಮಣ್ಣಾರ್‌ಕಾಡಿನ ಸೇತುವೆಯ ಕೆಳಗೆ ಹರಿಯುವ ಕುಂತಿಯಲ್ಲಿ ಬಟ್ಟೆ ಒಗೆಯುವವರೂ ಎಮ್ಮೆ ಮೀಯಿಸುವವರೂ ಆ ಮಾತನ್ನು ಈಗ ಒಪ್ಪಲಾರರು.